ಮೇಷ್ಟ್ರಮ್ಮನ ಕರಿಪುಡಿ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ಉಗುರಿನ ಸಂದಿಯಲ್ಲಿ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಉಳಿದಂತೆ ಬಹಳ ಅಚ್ಚುಕಟ್ಟಿನ ಹೆಂಗಸು. ಇಸ್ತ್ರಿ ಮಾಡಿದ ಹತ್ತಿಯ ಚೂಡಿದಾರ, ಪಿನ್ನು ಹಾಕಿ ಹೆಗಲ ಮೇಲೆ ಕೂರಿಸಿದ ದುಪ್ಪಟ, ಬಿಗಿಯಾಗಿ ಕಟ್ಟಿದ ಅರೆನೆರೆತ ಕೂದಲು. ಆ ಗೆರೆ ಮಾತ್ರ ಸೋಪಿಗೂ ಹೋಗುತ್ತಿರಲಿಲ್ಲ, ನಿಂಬೆಹೋಳಿಗೂ ಹೋಗುತ್ತಿರಲಿಲ್ಲ. ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದ ದಿನ ಬೀಗದ ಕೈಗಾಗಿ ಚಾಚಿದ ಆ ಬೆರಳುಗಳನ್ನು ನಮ್ಮ ಅತ್ತೆ ದಿಟ್ಟಿಸಿ ನೋಡಿದರು. ಅವರು ಮೆಟ್ಟಿಲು ಹತ್ತಿ ಮರೆಯಾದ ಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಆಯಮ್ಮ ನಶ್ಯ ಹಾಕ್ತಾಳೆ ಕಣೆ. ನಮ್ಮಜ್ಜಿ ಬೆರಳೂ ಹಿಂಗೇ ಇತ್ತು."

ನಶ್ಯವಲ್ಲ, ಅದು ಆಯಸ್ಕಾಂತದ ಪುಡಿ ಎಂದು ತಿಳಿಯಲು ನಮಗೆ ಬಹಳ ದಿನ ಹಿಡಿಯಿತು.

ನಾನು ಅವರನ್ನು ಮೇಡಂ ಎಂದು ಕರೆಯುತ್ತಿದ್ದೆ. ಅತ್ತೆಗೆ ಆ ಪದ ಬಾಯಿಗೆ ಒಗ್ಗಲಿಲ್ಲ, ಮೊದಲ ವಾರವೇ ಮೇಷ್ಟ್ರಮ್ಮ ಎಂದು ಹೆಸರಿಟ್ಟರು. ಕಂಟೋನ್ಮೆಂಟಿನ ಒಂದು ಮಹಿಳಾ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಕಲಿಸುತ್ತಿದ್ದರು. ಹುಟ್ಟಿ ಬೆಳೆದದ್ದು ಫ್ರೇಜರ್ ಟೌನಿನಲ್ಲಿ, ಮನೆಮಾತು ದಖನಿ. ಮದುವೆಯಾಗಿರಲಿಲ್ಲ. ಐವತ್ತು ದಾಟಿದ ಮೇಲೆ ಡಾಕ್ಟರೇಟ್ ಮಾಡಬೇಕೆಂದು ಹಟ ಹಿಡಿದಿದ್ದರು. ಬೆಳಿಗ್ಗೆ ಕಂಟೋನ್ಮೆಂಟಿನಲ್ಲಿ ಪಾಠ, ಮಧ್ಯಾಹ್ನ ಕೆ.ಆರ್. ಪುರಂ ಆಚೆ ಅವರ ಗೈಡ್ ಇದ್ದ ಪ್ರಯೋಗಾಲಯ. ತಮ್ಮನ ಮನೆಯಲ್ಲಿ ಮಕ್ಕಳು ಮರಿಗಳ ಗದ್ದಲ, ಓದಲು ಮೂಲೆಯಿಲ್ಲ. ಹಾಗಾಗಿ ಎರಡಕ್ಕೂ ನಡುವೆ ಬೀಳುವ ಕಗ್ಗದಾಸಪುರಕ್ಕೆ, ಮಾವನವರ ರಾಗಿ ಹೊಲ ಇದ್ದ ಜಾಗದಲ್ಲಿ ನಾವು ಕಟ್ಟಿಸಿದ್ದ ಮನೆಗೆ ಬಂದರು. ರೈಲ್ವೆ ಗೇಟು ಬಿದ್ದಾಗ ಆಟೋದಿಂದ ಇಳಿದು, ಪುಸ್ತಕದ ಚೀಲ ಹೆಗಲಿಗೇರಿಸಿ ಹಳಿಯ ಪಕ್ಕದಲ್ಲಿ ನಿಂತಿರುತ್ತಿದ್ದರು. ಗೇಟಿನ ಅಡಿಯಲ್ಲಿ ಬಗ್ಗಿ ದಾಟುವವರನ್ನು ಒಬ್ಬೊಬ್ಬರನ್ನಾಗಿ ಬೈಯುವುದು ಅವರ ನಿತ್ಯದ ಕೆಲಸ. ಬೈಗುಳವೆಂದರೆ ಎರಡೇ ಮಾತು: "ಕೈಕು ರೇ? ರೈಲು ಬಗ್ಗಲ್ಲ, ನೀನ್ಯಾಕೆ ಬಗ್ತೀಯ?"

ಅಡುಗೆಗೆ ಮಾತ್ರ ದೇವರೇ ಗತಿ. ತಕ್ಕಡಿಯಲ್ಲಿ ಕಣದಷ್ಟು ವ್ಯತ್ಯಾಸವನ್ನೂ ಸಹಿಸದ ಹೆಂಗಸು ಅನ್ನಕ್ಕೆ ಉಪ್ಪನ್ನು ಕಣ್ಣು ಮುಚ್ಚಿ ಎರಚುತ್ತಿದ್ದರು. ಒಮ್ಮೆ ಅವರು ಕೊಟ್ಟ ಬೇಳೆಸಾರು ತಿಂದು ನಾನು ನೀರು ಕುಡಿಯುತ್ತಲೇ ಇದ್ದುದನ್ನು ಕಂಡು, "ಅಳತೆ ಎಲ್ಲಾ ಕಾಲೇಜಲ್ಲೇ ಖರ್ಚಾಗೋಗತ್ತೆ ಮಾ, ಮನೆಗೆ ಉಳಿಯಲ್ಲ" ಎಂದರು. ಆಮೇಲಿನಿಂದ ಸಾರು ಕೆಳಗಿನಿಂದ ಮೇಲಕ್ಕೆ ಹೋಗತೊಡಗಿತು.

ಪುಡಿಯ ವಿಷಯ ಬಯಲಾದದ್ದು ಒಂದು ಭಾನುವಾರ. ಅತ್ತೆ ಮಹಡಿಯ ಮೇಲೆ ಸಂಡಿಗೆ ಇಡುತ್ತಿದ್ದರು, ನಾನು ಹಿಟ್ಟಿನ ಪಾತ್ರೆ ಹಿಡಿದು ಹಿಂದೆ ಹಿಂದೆ ಸರಿಯುತ್ತಿದ್ದೆ. ನೆರಳಿದ್ದ ಕಡೆ ಮೇಡಂ ಬಾಯಿ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಅಂಗೈಯಗಲದ ಒಂದು ಕಲ್ಲಿನ ಒರಳಿನಲ್ಲಿ ಏನನ್ನೋ ಅರೆಯುತ್ತಿದ್ದರು. ಒರಳು ಹಾಲಿಗೆ ಹೊಗೆ ಬೆರೆಸಿದಂಥ ಬಣ್ಣದ್ದು, ಬಹಳ ಚಂದವಿತ್ತು.

"ಏನ್ ಮೇಷ್ಟ್ರಮ್ಮ, ಹಲ್ಲುಪುಡಿನಾ?" ಅತ್ತೆ ಕೇಳಿದರು.

"ನಕ್ಕೋ ಅಮ್ಮಾ, ಇದನ್ನ ಹಲ್ಲಿಗೆ ಹಾಕ್ಬೇಡಿ. ಬನ್ನಿ ತೋರಿಸ್ತೀನಿ."

ಒಂದು ಬಿಳಿ ಕಾಗದದ ಮೇಲೆ ಚಿಟಿಕೆ ಪುಡಿ ಉದುರಿಸಿ, ಕಾಗದದ ಅಡಿಯಲ್ಲಿ ಆಯಸ್ಕಾಂತವನ್ನು ಎಳೆದರು. ಪುಡಿ ರೋಮದಂತೆ ಎದ್ದು ನಿಂತು ಅದರ ಹಿಂದೆಯೇ ನಡೆಯಿತು. ಅತ್ತೆ ಸಂಡಿಗೆಯ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಕುಳಿತೇಬಿಟ್ಟರು. ಅದರ ಹೆಸರು ಫೆರೈಟ್ ಎಂದರು ಮೇಡಂ. ಕಬ್ಬಿಣದ ತುಕ್ಕಿನ ಜೊತೆಗೆ ಬೇರೊಂದು ಲೋಹವನ್ನು ಕೂಡಿಸಿ ಸುಟ್ಟರೆ ಬರುವ ಪುಡಿ. ಅವರದು ಕೋಬಾಲ್ಟ್ ಕೂಡಿಸಿದ್ದು. ಕಣ ಎಷ್ಟು ಸಣ್ಣದೆಂದರೆ ನಮ್ಮ ಮೈದಾಹಿಟ್ಟಿನ ಒಂದು ಕಣ ಅದರ ಮುಂದೆ ಬಂಡೆ. ಕೋಬಾಲ್ಟಿನ ಜಾಗದಲ್ಲಿ ಸ್ವಲ್ಪ ಸ್ವಲ್ಪವೇ ಸತು ಸೇರಿಸುತ್ತಾ ಹೋದರೆ ಅದರ ಆಯಸ್ಕಾಂತದ ಬಲ ಏನಾಗುತ್ತದೆ, ಅದರಲ್ಲಿ ಕರೆಂಟು ಹೇಗೆ ಹರಿಯುತ್ತದೆ ಎಂದು ನೋಡುವುದು ಅವರ ಕೆಲಸ.

"ಇದ್ರಿಂದ ಏನ್ ಉಪಯೋಗ?" ಅತ್ತೆ ಯಾವುದನ್ನೂ ಹಾಗೇ ಬಿಡುವವರಲ್ಲ.

ಮೇಡಂ ಒಳಗೆ ಹೋಗಿ ಲ್ಯಾಪ್‌ಟಾಪಿನ ಚಾರ್ಜರ್ ತಂದು, ವಯರಿನ ತುದಿಯಲ್ಲಿ ಮೊಟ್ಟೆ ನುಂಗಿದ ಹಾವಿನಂತೆ ಉಬ್ಬಿದ್ದ ಜಾಗವನ್ನು ಒತ್ತಿ ತೋರಿಸಿದರು. "ಇದರೊಳಗೆ ಇರೋದು ಇದರ ಅಕ್ಕತಂಗೀರೇ. ಆಯಸ್ಕಾಂತದ ಕೆಲಸ ಮಾಡತ್ತೆ, ಆದ್ರೆ ಕರೆಂಟನ್ನ ತನ್ನ ಮೈಯೊಳಗೆ ಸುಲಭಕ್ಕೆ ಬಿಟ್ಕೊಳ್ಳಲ್ಲ. ಅದಕ್ಕೇ ಕಬ್ಬಿಣ ಕಾದಂಗೆ ಕಾಯಲ್ಲ."

ಸತು ಎಂಬುದು ತಾನೇ ಆಯಸ್ಕಾಂತವಲ್ಲ, ಅದನ್ನು ಸೇರಿಸಿದರೆ ಬಲ ಕಡಿಮೆಯಾಗಬೇಕಲ್ಲ ಎಂದು ನಾನು ಕೇಳಿದೆ. ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದ ಉತ್ತರ ದಕ್ಷಿಣ ಧ್ರುವಗಳ ಪಾಠ ಅಷ್ಟು ಮಾತ್ರ ನೆನಪಿತ್ತು. ಮೇಡಂ ಕಣ್ಣು ಅರಳಿತು. ಒಳ್ಳೆಯ ಪ್ರಶ್ನೆ ಕೇಳಿದರೆ ಅವರು ದುಪ್ಪಟದ ಪಿನ್ನನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಹಗ್ಗಜಗ್ಗಾಟ ಗೊತ್ತಲ್ಲ? ಪುಡಿಯ ಒಂದೊಂದು ಕಣದೊಳಗೂ ಎರಡು ತಂಡ. ಒಂದು ದೊಡ್ಡದು, ಒಂದು ಚಿಕ್ಕದು. ಎದುರು ಬದುರು ಎಳೀತಾವೆ. ನಮಗೆ ಹೊರಗೆ ಸಿಗೋದು ಎರಡರ ವ್ಯತ್ಯಾಸ. ಸತು ಹೋಗಿ ಚಿಕ್ಕ ತಂಡದಲ್ಲಿ ಕೂರತ್ತೆ, ಆದ್ರೆ ಎಳಿಯಲ್ಲ. ಆಗ ದೊಡ್ಡ ತಂಡ ಜೋರಾಗಿ ಎಳೀತು ಅನ್ನಿಸತ್ತೆ. ಬಲ ಏರತ್ತೆ. ಹಂಗಂತ ಸುರೀತಾನೇ ಹೋದ್ರೆ ಎದುರಿಗೆ ಹಗ್ಗ ಹಿಡಿಯೋರೇ ಇಲ್ಲ. ಹಗ್ಗ ಜೋಲು. ದೊಡ್ಡ ತಂಡದವರೂ ದಿಕ್ಕಾಪಾಲು. ಬಲ ಇಳಿದುಹೋಗತ್ತೆ. ಏರಿದ್ದು ಎಲ್ಲಿ ಇಳಿಯೋಕೆ ಶುರುವಾಯ್ತು, ನನಗೆ ಅದು ಬೇಕು."

ಅತ್ತೆ ನನ್ನ ಕಡೆ ತಿರುಗಿ ನೋಡಿದರು. "ಕೇಳಿಸ್ಕೊಂಡೇನೆ? ಮನೆ ಅಂದ್ಮೇಲೆ ಎದುರು ಎಳಿಯೋರು ಒಬ್ರು ಇರಬೇಕು. ಸುಮ್ಕೆ ನನ್ನ ಜಗಳಗಂಟಿ ಅಂತೀರ."

ಅಂದಿನಿಂದ ಅವರಿಬ್ಬರಿಗೂ ಗಟ್ಟಿ ಸ್ನೇಹ. ನನಗೂ ಆ ಒರಳಿಗೂ ಕೂಡ. ಮೇಡಂಗೆ ಬಲಭುಜ ಹಿಡಿದುಕೊಂಡಿತ್ತು, ಕೈ ಎತ್ತಿದರೆ ನೋವು. ಪುಡಿಯನ್ನು ಅರೆಯುವುದೆಂದರೆ ತಾಸುಗಟ್ಟಲೆ ಒಂದೇ ಹದದಲ್ಲಿ, ಎಂಟರ ಆಕಾರದಲ್ಲಿ ಗುಂಡು ತಿರುಗಿಸುತ್ತಾ ಇರಬೇಕು. ಮಧ್ಯಾಹ್ನ ಊಟದ ಪಾತ್ರೆ ಎತ್ತಿಟ್ಟ ಮೇಲೆ ನನಗೆ ಬಿಡುವಿರುತ್ತಿತ್ತು. ಮಾಸ್ಕ್ ಕಟ್ಟಿಕೊಂಡು, ಅವರ ಪಕ್ಕದಲ್ಲಿ ಕುಳಿತು ನಾನೂ ಅರೆಯತೊಡಗಿದೆ. ಅವರು ನನ್ನ ಮಣಿಕಟ್ಟನ್ನೇ ನೋಡುತ್ತಿದ್ದರು. "ಒತ್ತಬೇಡ ಮಾ. ಚಟ್ನಿ ಅಲ್ಲ ಇದು. ಗುಂಡಿನ ಭಾರವೇ ಸಾಕು" ಎನ್ನುತ್ತಿದ್ದರು. ಸಪ್ಪಳ ಬದಲಾಗುವುದನ್ನು ಕೇಳಲು ಕಲಿಸಿದರು. ಮೊದಮೊದಲು ಕರಕರ, ಆಮೇಲೆ ಸರಸರ, ಕೊನೆಗೆ ರೇಷ್ಮೆ ಸೀರೆ ಮಡಿಸಿದಂಥ ಸದ್ದು.

ಅರೆದದ್ದರಲ್ಲಿ ಒಂದು ಭಾಗವನ್ನು ಬಿಲ್ಲೆಯಾಗಿ ಒತ್ತಿ, ಇನ್ನೊಮ್ಮೆ ಕುಲುಮೆಯಲ್ಲಿ ಸುಟ್ಟು, ಎರಡೂ ಮುಖಕ್ಕೆ ಬೆಳ್ಳಿಯ ಬಣ್ಣ ಬಳಿದು ಕರೆಂಟಿನ ಪರೀಕ್ಷೆ ಮಾಡುತ್ತಿದ್ದರು. ಇನ್ನೊಂದು ಭಾಗ, ಸಾಸಿವೆ ಕಾಳಿನಷ್ಟು, ಪುಡಿಯಾಗಿಯೇ ಆಯಸ್ಕಾಂತದ ಪರೀಕ್ಷೆಗೆ ಹೋಗುತ್ತಿತ್ತು. ಆ ಯಂತ್ರ ಊರಿನ ಇನ್ನೊಂದು ತುದಿಯ ದೊಡ್ಡ ಸಂಸ್ಥೆಯಲ್ಲಿತ್ತು, ಸರದಿ ಬರಲು ವಾರಗಟ್ಟಲೆ ಕಾಯಬೇಕು. ಅವರ ಕಿಟಕಿಯ ಗೂಡಿನಲ್ಲಿ ಸೀಸೆಗಳು ಸಾಲಾಗಿ ನಿಂತಿದ್ದವು. ಸತು ಇಲ್ಲದ್ದು ಕಾಡಿಗೆ ಕಪ್ಪು, ಸತು ಹೆಚ್ಚಿದಂತೆ ಕಂದು, ಕೊನೆಯದು ಸುಟ್ಟ ಇಟ್ಟಿಗೆಯ ಬಣ್ಣ.

ಕೊನೆಗೆ ಎಲ್ಲ ಸೀಸೆಗಳ ಅಳತೆಯೂ ಬಂತು. ಮೇಡಂ ಅವರ ಗೈಡ್ ಫೋನಿನಲ್ಲಿ ಎಷ್ಟು ಜೋರಾಗಿ ಮಾತಾಡಿದರೆಂದರೆ ಕೆಳಗೆ ಹೂ ಬಿಡಿಸುತ್ತಿದ್ದ ನನಗೂ ಕೇಳಿಸಿತು. ಕೊನೆಯದರ ಹಿಂದಿನ ಸೀಸೆಯ ಪುಡಿ, ಬಲ ಇಳಿಯಬೇಕಾದ ಜಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಬಲ ತೋರಿಸಿತ್ತು. ಅಷ್ಟು ಸತು ಹಾಕಿಯೂ ಬಲ ಏರಿದೆಯೆಂದರೆ ಹೊಸ ಸಂಗತಿ, ದೊಡ್ಡ ಪತ್ರಿಕೆಗೆ ಕಳಿಸೋಣ, ಥೀಸಿಸ್ ಬರೆದು ಮುಗಿಸಿ ಎಂದರು ಅವರು. ಮೇಡಂಗೆ ಅದು ಬೇಕಾಗಿಯೂ ಇತ್ತು. ಡಾಕ್ಟರೇಟಿನ ನೋಂದಣಿಯ ಗಡುವನ್ನು ಒಮ್ಮೆ ಮುಂದೂಡಿ ಆಗಿತ್ತು, ಮತ್ತೆ ಮುಂದೂಡುವುದಿಲ್ಲ ಎಂದು ವಿಶ್ವವಿದ್ಯಾಲಯದವರು ಹೇಳಿದ್ದರು. ಗಡುವಿನೊಳಗೆ ಒಪ್ಪಿಸಿದರೆ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆಯ ಜಾಗ ಅವರದು. ಇಲ್ಲದಿದ್ದರೆ ಅದು ಅವರ ಕೈಯಲ್ಲೇ ಓದಿ ಬಂದ, ಡಾಕ್ಟರೇಟ್ ಇದ್ದ ಹುಡುಗಿಗೆ ಹೋಗುತ್ತಿತ್ತು. ನಿವೃತ್ತಿಗೆ ಹೆಚ್ಚು ವರ್ಷ ಉಳಿದಿರಲಿಲ್ಲ.

ನಾನು ಕೇಸರಿಬಾತ್ ಮಾಡಿ ಮೇಲೆ ತೆಗೆದುಕೊಂಡು ಹೋದೆ. ಮೇಡಂ ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಆ ಒಂದು ಸೀಸೆಯನ್ನೇ ನೋಡುತ್ತಾ ಕುಳಿತಿದ್ದರು.

"ಖುಷಿ ಆಗ್ಲಿಲ್ವಾ ಮೇಡಂ?"

"ಆಯ್ತು ಮಾ. ಬಹಳ ಆಯ್ತು. ಅದೇ ನನಗೆ ಸರಿ ಕಾಣ್ತಿಲ್ಲ." ತಟ್ಟೆ ತೆಗೆದುಕೊಂಡು ಪಕ್ಕಕ್ಕಿಟ್ಟರು. "ಕರೆಂಟಿನ ಅಳತೆಯಲ್ಲಿ ಇದು ಅಕ್ಕತಂಗಿಯರ ಸಾಲಲ್ಲೇ ಒಪ್ಪವಾಗಿ ಕೂತಿದೆ. ಆಯಸ್ಕಾಂತದ ಅಳತೆಯಲ್ಲಿ ಮಾತ್ರ ಮದುವೆ ಮನೇಲಿ ಕುಣಿದಂಗೆ ಕುಣೀತಿದೆ. ಒಂದೇ ಪುಡಿಗೆ ಎರಡು ನಾಲಿಗೆ ಹೆಂಗೆ?"

ಮುಂದಿನ ದಿನಗಳಲ್ಲಿ ಅವರು ಎಲ್ಲವನ್ನೂ ಹಿಂದಿನಿಂದ ಮುಂದಕ್ಕೆ ಪರೀಕ್ಷಿಸಿದರು. ತಕ್ಕಡಿ, ಕುಲುಮೆ, ಚಮಚ. ಚಮಚ ಕೂಡ ಪ್ಲಾಸ್ಟಿಕ್ಕಿನದೇ, ಕಬ್ಬಿಣದ್ದನ್ನು ಅವರು ಪುಡಿಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಕೊನೆಗೆ ಒಂದು ಸಂಜೆ ಒರಳನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದರು. ಹಾಲುಬಣ್ಣದ ಬಟ್ಟಲಿನೊಳಗೆ ಪೆನ್ಸಿಲಿನಲ್ಲಿ ಗೀಚಿದಂತೆ ತೆಳ್ಳಗೆ ಬೂದು ಗೆರೆಗಳು. ನನಗೆ ತೋರಿಸಿದರು. ಸಂಡಿಗೆಯ ಪ್ಲಾಸ್ಟಿಕ್ ಹಾಳೆ ಮಡಿಸುತ್ತಿದ್ದ ಅತ್ತೆಯೂ ಬಗ್ಗಿ ನೋಡಿದರು.

"ಈಗೇನ್ ನೋಡ್ತೀರ. ನಾನು ಉಜ್ಜಿದ ದಿನ ನೋಡಬೇಕಿತ್ತು, ಕನ್ನಡಿ ಹಂಗಿತ್ತು."

ಮೇಡಂ ನಿಧಾನವಾಗಿ ಕೇಳಿದರು. "ಯಾವತ್ತು ಅಮ್ಮಾ?"

"ನಿಮ್ಮ ತಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದು ಓಡಿಹೋದ್ರಲ್ಲ, ಅವತ್ತು. ಒರಳು ಹಂಗೇ ನಲ್ಲಿ ಪಕ್ಕ ಬಿದ್ದಿತ್ತು. ಒರಳು ತೊಳೀದೆ ದೀಪ ಹಚ್ಚಬಾರದು ನಮ್ಮಲ್ಲಿ. ಎಂಜಲು ಒರಳು ಮನೇಲಿದ್ರೆ ಲಕ್ಷ್ಮಿ ಒಳಕ್ಕೆ ಬರಲ್ಲ. ಬಟ್ಟೇಲಿ ಹೋಗ್ಲಿಲ್ಲ ಆ ಕರಿ. ತಳ ಹಿಡಿದ ಪಾತ್ರೆ ಉಜ್ತೀವಲ್ಲ ಕಬ್ಬಿಣದ ನಾರು, ಅದ್ರಲ್ಲಿ ಹಾಕ್ದೆ ನೋಡಿ, ಒಂದೇ ಸಲಕ್ಕೆ."

ನಾನು ಮೇಡಂ ಅವರ ಮುಖ ನೋಡಿದೆ. ಅಲ್ಲಿದ್ದದ್ದು ಕೋಪವಲ್ಲ. ಬಹಳ ದಿನದಿಂದ ಕಳೆದುಹೋದ ಒಡವೆ ಅಕ್ಕಿಡಬ್ಬದಲ್ಲಿ ಸಿಕ್ಕರೆ ನಮ್ಮ ಮುಖದಲ್ಲಿ ಕಾಣುವುದು ಅಲ್ಲಿ ಕಂಡಿತು. ಅತ್ತೆಯ ಪಕ್ಕದಲ್ಲಿ ಕುಳಿತು, ಅವರ ಕೈ ಹಿಡಿದುಕೊಂಡು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಹೇಳಿದರು.

"ಅಮ್ಮಾ, ಈ ಕಲ್ಲು ಕಬ್ಬಿಣಕ್ಕಿಂತ ಗಟ್ಟಿ. ನೀವು ನಾರಿನಲ್ಲಿ ಕಲ್ಲು ಉಜ್ಜಿಲ್ಲ, ಕಲ್ಲಿನ ಮೇಲೆ ನಾರು ಉಜ್ಜಿದ್ದೀರ. ಕಬ್ಬಿಣ ಸವೆದು ಇಲ್ಲಿ ಅಂಟ್ಕೊಂಡಿದೆ. ಆಮೇಲೆ ಇದರಲ್ಲಿ ಅರೆದಿದ್ದು ಆ ಒಂದು ಸೀಸೆಯ ಪುಡಿ ಮಾತ್ರ, ಅದಕ್ಕೆ ಸೇರ್ತು. ಯಂತ್ರ ಅಳೆದಿದ್ದು ನನ್ನ ಫೆರೈಟಿನ ಬಲ ಅಲ್ಲ, ನಿಮ್ಮ ಪಾತ್ರೆ ನಾರಿನ ಬಲ."

"ಕಲ್ಲಿಗಿಂತ ಕಬ್ಬಿಣ ಮೆದು ಅಂತ ಯಾರಿಗೆ ಹೇಳ್ತೀಯಮ್ಮ" ಎಂದರು ಅತ್ತೆ. ಆದರೆ ದನಿ ತಗ್ಗಿತ್ತು. ಆಮೇಲೆ, "ಕೆಲಸ ಕೆಟ್ಟೋಯ್ತಾ?" ಎಂದು ಕೇಳಿದರು.

"ಕೆಟ್ಟಿತ್ತು. ಈಗ ಸರಿಹೋಗತ್ತೆ. ನೀವು ಇವತ್ತು ಬಾಯ್ಬಿಟ್ಟು ಹೇಳದೇ ಇದ್ದಿದ್ರೆ ನಾನು ಸುಳ್ಳನ್ನ ಅಚ್ಚು ಹಾಕಿಸ್ತಿದ್ದೆ."

ಕರೆಂಟಿನ ಪರೀಕ್ಷೆ ಯಾಕೆ ಸರಿಯಾಗಿಯೇ ಬಂದಿತ್ತೆಂದು ನನಗೆ ಮರುದಿನ ವಿವರಿಸಿದರು. ಬಿಲ್ಲೆಯನ್ನು ಮತ್ತೆ ಕುಲುಮೆಯಲ್ಲಿ ಸುಟ್ಟಾಗ ಸೇರಿದ್ದ ಚೂರು ಕಬ್ಬಿಣ ತುಕ್ಕಾಗಿ ಅಡಗಿಹೋಗಿತ್ತು. ಸುಡದೆ ಕಳಿಸಿದ ಪುಡಿಯಲ್ಲಿ ಮಾತ್ರ ಅದು ಕಬ್ಬಿಣವಾಗಿಯೇ ಉಳಿದಿತ್ತು.

ಒರಳಿನ ಗುಟ್ಟು ಗೊತ್ತಾದ ಸಂಜೆಯೇ ಗೈಡ್‌ಗೆ ಫೋನು ಮಾಡಿದ್ದರು. ನಾನು ಎದ್ದು ಹೋಗಲು ನೋಡಿದೆ, ಕೂರು ಎಂದು ಸನ್ನೆ ಮಾಡಿದರು. ಆತ ಒಳ್ಳೆಯ ಮನುಷ್ಯ, ಇವರ ಮೇಲೆ ಅಭಿಮಾನವಿದ್ದವರು. ಅದಕ್ಕೇ ಅಷ್ಟು ಬೇಡಿಕೊಂಡರು. ಈಗ ಮತ್ತೆ ಪುಡಿ ಮಾಡಿ, ಯಂತ್ರದ ಸರದಿ ಕಾದರೆ ಗಡುವು ಖಂಡಿತ ತಪ್ಪುತ್ತದೆ, ಆ ಒಂದು ಸೀಸೆಯನ್ನು ಕೈಬಿಟ್ಟು ಉಳಿದವನ್ನು ಒಪ್ಪಿಸಿಬಿಡಿ, ಅದರಲ್ಲಿ ಸುಳ್ಳೇನೂ ಇಲ್ಲವಲ್ಲ ಎಂದರು.

"ಸುಳ್ಳಿಲ್ಲ ಸರ್, ಒಪ್ಪಿದೆ. ಆದ್ರೆ ಏರಿದ್ದು ಎಲ್ಲಿ ಇಳೀತು ಅನ್ನೋದೇ ನನ್ನ ಪ್ರಶ್ನೆ. ಆ ಇಳಿಜಾರು ಇರೋದೇ ಆ ಸೀಸೇಲಿ. ಅದನ್ನ ಬಿಟ್ರೆ ಪ್ರಶ್ನೆ ಬಿಟ್ಟು ಉತ್ತರ ಬರೆದಂಗಾಗತ್ತೆ."

"ಮುಖ್ಯಸ್ಥೆ ಆಗೋ ಅವಕಾಶ ಮೇಡಂ."

"ಆಕೆ ಚೆನ್ನಾಗಿ ಮಾಡ್ತಾಳೆ ಸರ್. ನಾನೇ ಪಾಠ ಹೇಳಿದ್ದು."

ಫೋನು ಇಟ್ಟರು. ಆಮೇಲೆ ಆರಿದ ಟೀ ಕುಡಿದು, ಕನ್ನಡಕ ಒರೆಸಿಕೊಂಡು, ನಾಳೆ ಆಮ್ಲದಲ್ಲಿ ಒರಳು ತೊಳೆಯಬೇಕು ಎಂದರು. ಅಷ್ಟೇ. ನಾನು ಅವರ ಕಣ್ಣಲ್ಲಿ ನೀರು ಬರಬಹುದೆಂದು ಎದುರು ನೋಡುತ್ತಿದ್ದೆ ಎಂದು ಕಾಣುತ್ತದೆ, ಬರಲಿಲ್ಲ.

ಒರಳು ಪ್ರಯೋಗಾಲಯದಿಂದ ಚೊಕ್ಕಟವಾಗಿ ಬಂತು. ಹೊಸ ಪುಡಿಯೂ ಆಯಿತು. ಅವರು ಹೇಳುತ್ತಿದ್ದ ಪ್ರಕಾರ ಅದೊಂದು ನೋಡಬೇಕಾದ ಕೆಲಸ: ಲೋಹದ ಉಪ್ಪುಗಳನ್ನು ನೀರಿನಲ್ಲಿ ಕರಗಿಸಿ, ನಿಂಬೆಯ ಹುಳಿ ಸೇರಿಸಿ, ಪಾಕದಂತೆ ಗಟ್ಟಿಯಾಗುವವರೆಗೆ ಕಾಯಿಸುತ್ತಾರೆ. ಆ ಪಾಕ ಒಣಗಿದ ಮೇಲೆ ಕಾಸಿದರೆ ಒಂದು ಮೂಲೆಯಲ್ಲಿ ಕಿಡಿ ಹಿಡಿದು, ತನ್ನಷ್ಟಕ್ಕೆ ತಾನೇ ಉರಿದು, ಬೂರುಗದ ಹತ್ತಿಯಂತೆ ಉಬ್ಬಿ ಕರಿಬೂದಿಯಾಗುತ್ತದೆ. ಅದನ್ನು ಕುಲುಮೆಯಲ್ಲಿ ಸುಟ್ಟು ಅರೆಯಬೇಕು.

ಅರೆಯುವ ದಿನ ನಾನೂ ಜೊತೆಗಿದ್ದೆ. ಭುಜದ ನೋವಿದ್ದರೂ ಅಂದು ಗುಂಡನ್ನು ಅವರೇ ಹಿಡಿದಿದ್ದರು, ದಣಿದಾಗ ಮಾತ್ರ ನನಗೆ ಕೊಡುತ್ತಿದ್ದರು. ಆ ತಾರೀಖು ನನಗೆ ಗೊತ್ತಿತ್ತು. ಬಹಳ ಹೊತ್ತು ತಡೆದುಕೊಂಡು ಕೊನೆಗೆ ಕೇಳಿಯೇಬಿಟ್ಟೆ.

"ಮೇಡಂ, ಇವತ್ತೇ ಅಲ್ವಾ ಕೊನೇ ದಿನ?"

"ಹೌ ಮಾ. ಆಫೀಸು ಐದಕ್ಕೆ ಮುಚ್ಚತ್ತೆ." ಕಿವಿಯನ್ನು ಒರಳಿನ ಹತ್ತಿರ ತಂದು ಆಲಿಸಿದರು. "ಇನ್ನೂ ಕರಕರ ಅಂತಿದೆ. ನೀನು ಹಿಡ್ಕೋ ಸ್ವಲ್ಪ, ಒತ್ತಬೇಡ."

ನಾನು ಗುಂಡನ್ನು ತಿರುಗಿಸಿದೆ. ಕೆಳಗಿನಿಂದ ಅತ್ತೆ ಎರಡು ಲೋಟ ಕಾಫಿ ಹಿಡಿದು ಬಂದರು. ಒರಳಿನ ಕಡೆ ಕೈ ಚಾಚದೆ, ಸೀರೆಯ ಸೆರಗನ್ನು ಬಿಗಿ ಹಿಡಿದುಕೊಂಡು ದೂರದಲ್ಲಿಯೇ ಕುಳಿತರು. ಐದು ಗಂಟೆ ಆಯಿತು, ಹೋಯಿತು. ರೈಲ್ವೆ ಗೇಟಿನ ಕಡೆಯಿಂದ ಹಾರನ್ನುಗಳ ಸದ್ದು ಬರುತ್ತಿತ್ತು. ಪುಡಿ ನುಣ್ಣಗಾದಾಗ ಮೇಡಂ ಅದನ್ನು ಸೀಸೆಗೆ ತುಂಬಿ, ಮುಚ್ಚಳ ತಿರುಗಿಸಿ, ಕಾಫಿ ಬಹಳ ಚೆನ್ನಾಗಿದೆ ಅಮ್ಮಾ ಎಂದರು.

ಯಂತ್ರದ ಸರದಿ ಬಂದಾಗ ನನ್ನನ್ನೂ ಕರೆದುಕೊಂಡು ಹೋದರು. ಎರಡು ದೊಡ್ಡ ಆಯಸ್ಕಾಂತಗಳ ನಡುವೆ, ಒಂದು ಕಡ್ಡಿಯ ತುದಿಗೆ ಪುಡಿಯನ್ನು ಕಟ್ಟಿ, ಸಣ್ಣಗೆ ನಡುಗಿಸಿ ಅದರ ಬಲವನ್ನು ಅಳೆಯುತ್ತಾರೆ. ಪರದೆಯ ಮೇಲೆ ಗೆರೆಯೊಂದು ಏರಿ, ಬಾಗಿ, ಚಪ್ಪಟೆಯಾಯಿತು. ಮೇಡಂ ಸಂಖ್ಯೆ ನೋಡಿದರು. ಹಿಂದಿನದಕ್ಕಿಂತ ಬಹಳ ಕಡಿಮೆ. ಸಾಲಿನ ನೆತ್ತಿಯಿಂದ ಒಂದು ಮೆಟ್ಟಿಲು ಕೆಳಗೆ. ಅವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಇಳೀತು ಮಾ. ನೋಡು, ಇಳೀತು."

ಯಂತ್ರ ನಡೆಸುತ್ತಿದ್ದವರು, ಬಲ ಕಡಿಮೆ ಬಂದಿದ್ದಕ್ಕೆ ಇಷ್ಟು ಸಂತೋಷಪಡುವವರನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದು ನಕ್ಕರು. ಹೊರಗೆ ಬಂದು ಮೇಡಂ ನನಗೆ ಐಸ್‌ಕ್ರೀಂ ಕೊಡಿಸಿದರು. ಹಿಂತಿರುಗುವ ದಾರಿಯಲ್ಲೆಲ್ಲ ತಮ್ಮ ಬಾಲ್ಯದ ಕಥೆಗಳನ್ನು ಹೇಳಿದರು.

ಮುಖ್ಯಸ್ಥೆಯ ಜಾಗ ಅವರ ಶಿಷ್ಯೆಗೆ ಹೋಯಿತು. ಆ ಹುಡುಗಿ ಅಧಿಕಾರ ವಹಿಸಿಕೊಂಡ ದಿನ ಮೊದಲ ಹೂಗುಚ್ಛ ಕೊಟ್ಟವರು ಮೇಡಮ್ಮೇ. ಹೊಸದಾಗಿ ನೋಂದಣಿ ಮಾಡಿಸಿ, ಮತ್ತೆ ಪ್ರವೇಶ ಪರೀಕ್ಷೆ ಬರೆದು, ಮಕ್ಕಳಾಗುವ ವಯಸ್ಸಿನ ಹುಡುಗ ಹುಡುಗಿಯರ ಜೊತೆ ಬೆಂಚಿನ ಮೇಲೆ ಕುಳಿತು ತರಗತಿ ಮುಗಿಸಿದರು. ಕಾಲೇಜಿನಿಂದ ನಿವೃತ್ತರಾದ ಮೇಲೆ ಅವರ ಮೌಖಿಕ ಪರೀಕ್ಷೆ ನಡೆಯಿತು. ಅದು ಎಲ್ಲರೂ ಕೂತು ಕೇಳಬಹುದಾದ ಪರೀಕ್ಷೆ. ಅತ್ತೆ ಮದುವೆಗೆ ಉಡುವ ಸೀರೆ ಉಟ್ಟು, ಮುಂದಿನ ಸಾಲಿನಲ್ಲೇ ಕೂರಬೇಕೆಂದು ಹಟ ಹಿಡಿದರು.

ಹೊರಗಿನಿಂದ ಬಂದ ಪರೀಕ್ಷಕರು ಆ ಸೀಸೆಯ ಬಗ್ಗೆಯೇ ಕೇಳಿದರು. ಮೊದಲ ಸಲ ಅಷ್ಟು ಚೆನ್ನಾಗಿ ಬಂದಿದ್ದ ಅಳತೆ ತಪ್ಪೆಂದು ಅನುಮಾನ ಬಂದದ್ದು ಹೇಗೆ ಎಂದು. ಮೇಡಂ ಇಂಗ್ಲಿಷಿನಲ್ಲಿ ಹೇಳಿದ್ದರ ಅರ್ಥ ಇಷ್ಟು: "ನನಗೆ ಏನು ಬೇಕಾಗಿತ್ತೋ ಅದೇ ಬಂದಿತ್ತು ಸರ್. ಬೇಕಾದ್ದು ಬಂದಾಗ ಎರಡು ಸಲ ನೋಡಬೇಕು." ಒರಳಿಗೆ ಕಬ್ಬಿಣ ಸೇರಿದ್ದು ಹೇಗೆಂದು ಕೇಳಿದಾಗ, ಪ್ರಯೋಗದ ಒರಳನ್ನು ತೊಳೆಯದೆ ಬಿಟ್ಟು ಹೋದದ್ದು ನನ್ನ ತಪ್ಪು, ಆ ಮನೆಯವರು ಅದನ್ನು ತಮ್ಮದೆಂದುಕೊಂಡು ತೊಳೆದಿಟ್ಟರು ಎಂದರು.

ಅತ್ತೆ ನನ್ನ ಪಕ್ಕೆ ತಿವಿದರು. ನಾನು ಪಿಸುದನಿಯಲ್ಲಿ ಕನ್ನಡದಲ್ಲಿ ಹೇಳಿದೆ.

"ನನ್ನ ಹೆಸರೇ ಹೇಳ್ಬೋದಿತ್ತು. ಕದ್ದಿದ್ನಾ ನಾನು?" ಎಂದರು ಅತ್ತೆ. ಪಿಸುದನಿ ಅವರಿಗೆ ಬರುವುದಿಲ್ಲ. ಪರೀಕ್ಷಕರು ತಲೆಯೆತ್ತಿ ನೋಡಿದರು. ಮೇಡಂ ದುಪ್ಪಟದ ಪಿನ್ನು ಮುಟ್ಟಿಕೊಂಡು ನಗು ತಡೆದರು.

ಡಾಕ್ಟರೇಟ್ ಬಂದ ಮೇಲೆ ಅವರು ಫ್ರೇಜರ್ ಟೌನಿಗೆ ಮರಳಿದರು. ತಮ್ಮನಿಗೆ ವಯಸ್ಸಾಗಿತ್ತು, ಮನೆಯಲ್ಲಿ ಜನ ಬೇಕಿತ್ತು. ಹಬ್ಬಕ್ಕೆ, ಕಾಯಿಲೆಗೆ ಬಂದು ಹೋಗುತ್ತಿದ್ದರು. ಬಂದಾಗಲೆಲ್ಲ ಅತ್ತೆಯ ಜೊತೆ ಮಹಡಿ ಹತ್ತುತ್ತಿದ್ದರು.

ಅವರಿಂದ ನಾನು ಏನು ಪಡೆದೆನೆಂದು ಯಾರಾದರೂ ಕೇಳಿದರೆ ಫೆರೈಟಿನ ಹೆಸರು ಹೇಳಬೇಕಾಗುತ್ತದೆ, ಅದು ಕೇಳಿದವರಿಗೆ ತಮಾಷೆಯಾಗಿ ಕಾಣಬಹುದು. ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದು ಸರಿಯುತ್ತರ ಬರೆದು, ಕೈಕಟ್ಟಿ ಕೂರುವುದನ್ನು. ಸರಿಯುತ್ತರದ ಮೇಲೆಯೇ ಅನುಮಾನಪಡುವ ಧೈರ್ಯ ನನಗೆ ಬಂದದ್ದು ಆ ಮಹಡಿಯ ಮೇಲೆ. ಹೋದ ಯುಗಾದಿಯ ದಿನ ನನ್ನ ಯಜಮಾನರ ರಕ್ತದ ಸಕ್ಕರೆ, ಮನೆಯ ಮಿಷಿನ್ನಿನಲ್ಲಿ ಇದ್ದಕ್ಕಿದ್ದಂತೆ ಕಡಿಮೆ ತೋರಿಸಿತು. ಅವರು ಒಬ್ಬಟ್ಟಿಗೆ ಕೈ ಹಾಕಿಯಾಗಿತ್ತು. ನಾನು ತಟ್ಟೆ ಎಳೆದುಕೊಂಡು, ಮಿಷಿನ್ನಿನ ಪಟ್ಟಿಗಳ ಡಬ್ಬಿಯನ್ನು ನೋಡಿದೆ. ಅವಧಿ ಮುಗಿದಿತ್ತು. ನಿನಗೆ ನನ್ನ ಸುಖ ಕಂಡರೆ ಆಗುವುದಿಲ್ಲ ಎಂದು ಅವರು ಗೊಣಗಿದರು. ಬೇಕಾದ್ದು ಬಂದಿದೆ ರೀ, ಅದಕ್ಕೇ ನೋಡಿದೆ ಎಂದೆ.

ಈ ವರ್ಷ ಮಾವಿನ ಕಾಯಿ ಬರುವ ಕಾಲದಲ್ಲಿ ಮೇಡಂ ತೀರಿಕೊಂಡರು. ಬೆಳಗಿನ ನಮಾಜು ಮುಗಿಸಿ ಕುಳಿತವರು ಹಾಗೆಯೇ ಒರಗಿದರಂತೆ. ನಮಗೆ ಸುದ್ದಿ ಮುಟ್ಟಿ, ಆಟೋ ಹಿಡಿದು ಹೋಗುವ ಹೊತ್ತಿಗೆ ಮಣ್ಣಾಗಿತ್ತು. ಒಳಗೆ ಹೆಂಗಸರ ನಡುವೆ ಕುಳಿತೆವು. ಅತ್ತೆ ಚಾಪೆಯ ಅಂಚನ್ನು ಉಗುರಿನಿಂದ ಕೀಳುತ್ತಾ ಇದ್ದರು.

ಹೊರಡುವಾಗ ಗೇಟಿನ ಹತ್ತಿರ ಅವರ ಗೈಡ್ ಸಿಕ್ಕರು. ಬಹಳ ಹಣ್ಣಾಗಿದ್ದರು, ಕೈಯಲ್ಲಿ ಕೋಲು. ನನ್ನನ್ನು ಗುರುತು ಹಿಡಿದು, ನೀವು ಪುಡಿ ಅರೆಯುತ್ತಿದ್ದವರಲ್ಲವೇ ಎಂದರು. ಆಮೇಲೆ ಒಂದು ಮಾತು ಹೇಳಬೇಕು ಎಂದು ನಿಲ್ಲಿಸಿಕೊಂಡರು.

"ಅವತ್ತು ನಾನು ಅವರಿಗೆ ಆ ಸೀಸೆ ಬಿಟ್ಟುಬಿಡಿ ಅಂದಿದ್ದೆ. ಈಚೆಗೆ ಬೇರೆ ಊರಿನ ಹುಡುಗಿಯೊಬ್ಬಳು ಅದೇ ಪುಡಿಯನ್ನ ತಾನೇ ಮಾಡಿ, ಬೇರೆ ಯಂತ್ರದಲ್ಲಿ ಅಳೆದಿದ್ದಾಳೆ. ಇವರ ಸಂಖ್ಯೆಯೇ ಬಂದಿದೆ. ಇಳಿಯೋದು ಅಲ್ಲೇ. ಫೋನ್ ಮಾಡಿ ಹೇಳೋಣ ಅಂತಿದ್ದೆ, ನಾಳೆ ನಾಳೆ ಅಂತ..." ಅಂಗೈಯಿಂದ ಕಣ್ಣೊರೆಸಿಕೊಂಡರು.

ಆಟೋದಲ್ಲಿ ಕುಳಿತ ಮೇಲೆ ಅತ್ತೆ ಕೇಳಿದರು. "ಏನಂದ್ರು ಆ ಮೇಷ್ಟ್ರು? ಯಾಕೆ ಅಳ್ತಿದ್ರು?"

"ಮೇಷ್ಟ್ರಮ್ಮ ಮಾಡಿದ್ದು ಸರಿಯಾಗಿದೆಯಂತೆ ಅತ್ತೆ. ಬೇರೆಯವರು ಮಾಡಿ ನೋಡಿದ್ರಂತೆ, ಅದೇ ಬಂತಂತೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಹೊರಗೆ ನೋಡುತ್ತಾ ಕುಳಿತರು. ಹಲಸೂರು ದಾಟಿತು. ಆಮೇಲೆ ನನ್ನ ಕಡೆ ತಿರುಗಿ, ಬೇಸರದಿಂದಲೇ ಕೇಳಿದರು.

"ಯಾಕೆ, ಇಷ್ಟು ದಿನ ಆ ಮೇಷ್ಟ್ರಿಗೆ ಅನುಮಾನ ಇತ್ತೇನು?"